ಆರು ಯೂನಿಟ್ ಅರವತ್ತಾಗ್ತಿದ್ದ ಆ ಸಂಜೆ: ಸ್ಟೂಡೆಂಟ್ಸ್‌ಗೆ ಪೇಷೆಂಟ್ ಸೇಫ್ಟಿ ಕಲಿಸೋ ಬಗ್ಗೆ ಒಂದು ಪ್ರಕರಣ ಅಧ್ಯಯನ

ಇದು ನಡೆದಿದ್ದು ಮೆಡಿಸಿನ್ ವಾರ್ಡಲ್ಲಿ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಕೊಡೋ ಹೊತ್ತಲ್ಲಿ. ಡ್ಯೂಟಿ ಬದಲಾಗಿ ಅರ್ಧ ಗಂಟೆನೂ ಆಗಿರ್ಲಿಲ್ಲ, ಒಟ್ಟೊಟ್ಟಿಗೆ ಎರಡು ಹೊಸ ಅಡ್ಮಿಶನ್ ಬಂದಿದ್ವು, ಸ್ಟಾಫ್ ನರ್ಸ್ ಒಬ್ರೇ ಟ್ರಾಲಿ ತಳ್ಕೊಂಡು ಬೆಡ್‌ನಿಂದ ಬೆಡ್‌ಗೆ ಹೋಗ್ತಿದ್ರು, ಅವರ ಹಿಂದೆ ಮೂರನೇ ವರ್ಷದ ನರ್ಸಿಂಗ್ ಸ್ಟೂಡೆಂಟ್ ಒಬ್ಳು. ಪೇಷೆಂಟ್ ವಯಸ್ಸಾದವರು, ಡಯಾಬಿಟಿಸ್ ಜೊತೆಗೆ ಕಿಡ್ನಿ ತೊಂದರೆನೂ ಇತ್ತು. ಡ್ರಗ್ ಚಾರ್ಟಲ್ಲಿ ಇಂಟರ್ನ್ ಬರೆದಿದ್ದು ರೆಗ್ಯುಲರ್ ಅನ್ನೋ ಥರದ ಇನ್ಸುಲಿನ್ ಆರು, ಅದರ ಬೆನ್ನಿಗೇ ಅಂಟ್ಕೊಂಡ ಹಾಗೆ ಇನ್ಸುಲಿನ್ ಅಳೆಯೋ ಯೂನಿಟ್ ಅನ್ನೋದಕ್ಕೆ ಇಂಗ್ಲಿಷಿನ 'ಯು' ಅಕ್ಷರ. ಅವಸರದಲ್ಲಿ ಬರೆದ ಆ ಅಕ್ಷರದ ಬಾಯಿ ಮೇಲ್ಗಡೆ ಮುಚ್ಕೊಂಡಿತ್ತು. ಯಾರು ನೋಡಿದ್ರೂ ಅದು ಸೊನ್ನೆನೇ. ಸಿಸ್ಟರ್ ಅರವತ್ತು ಅಂತ ಓದಿದ್ರು, ಸಿರಿಂಜಲ್ಲಿ ಅರವತ್ತರ ಗೆರೆ ತನಕ ಎಳೆದ್ರು.

ಆ ಹುಡುಗಿಗೆ ಸಿರಿಂಜ್ ಅರ್ಧಕ್ಕಿಂತ ಜಾಸ್ತಿ ತುಂಬಿರೋದು ಕಾಣ್ತು. ಬೆಳಗ್ಗೆ ಅದೇ ವಾರ್ಡಲ್ಲಿ ಯಾರಿಗೂ ಅಷ್ಟು ತುಂಬಿದ್ದು ಅವಳು ನೋಡಿರ್ಲಿಲ್ಲ. ಆದ್ರೂ ಬಾಯಿ ಬಿಡ್ಲಿಲ್ಲ. ಸಿಸ್ಟರ್ ಪೇಷೆಂಟ್ ಹೊಟ್ಟೆ ಮೇಲೆ ಜಾಗ ಒರೆಸಿ, ಚರ್ಮ ಹಿಡಿದು, ಇನ್ನೇನು ಸೂಜಿ ಹಾಕ್ಬೇಕು ಅನ್ನೋವಾಗ ಅವಳಿಂದ ಒಂದು ಮಾತು ಬಂತು: "ಸಿಸ್ಟರ್, ಇವರಿಗೆ ಇಷ್ಟೊಂದು ಕೊಡ್ತಾರಾ?" ಸಿಸ್ಟರ್ ಕೈ ನಿಲ್ತು. ಚಾರ್ಟ್ ಮತ್ತೆ ನೋಡಿದ್ರು, ಇಂಟರ್ನ್‌ಗೆ ಫೋನ್ ಮಾಡಿದ್ರು, ಆರು ಅಂತ ಗೊತ್ತಾಯ್ತು. ಅರವತ್ತರ ಸಿರಿಂಜ್ ಬಿಸಾಡಿ ಹೊಸದಾಗಿ ಆರು ಎಳೆದು ಕೊಟ್ರು. ಪೇಷೆಂಟ್ ಊಟ ಮಾಡಿ ಮಲಗಿದ್ರು, ಏನೂ ಆಗ್ಲಿಲ್ಲ.

ಏನೂ ಆಗ್ಲಿಲ್ಲ ಅನ್ನೋ ಕಾರಣಕ್ಕೇ ಇಂಥ ಘಟನೆಗಳು ಕೈ ಜಾರಿ ಹೋಗ್ತವೆ, ಅದಕ್ಕೇ ಏನಾಗ್ಬಹುದಿತ್ತು ಅಂತ ಒಂದ್ ಸಲ ಯೋಚ್ನೆ ಮಾಡಿ ನೋಡಿ. ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಕೊಟ್ರೆ ಸುಮಾರು ಅರ್ಧ ಗಂಟೆಗೆ ಕೆಲಸ ಶುರು ಮಾಡುತ್ತೆ, ಎರಡರಿಂದ ನಾಲ್ಕು ಗಂಟೆ ಹೊತ್ತಿಗೆ ಅದರ ಜೋರು ಹೆಚ್ಚಿರುತ್ತೆ, ಅಂದ್ರೆ ವಾರ್ಡಲ್ಲಿ ಲೈಟ್ ಆರಿಸಿ ಎಲ್ರೂ ಮಲಗಿರೋ ಹೊತ್ತು. ಕಿಡ್ನಿ ಸರಿ ಇಲ್ಲದವರಲ್ಲಿ ಇನ್ಸುಲಿನ್ ದೇಹದಿಂದ ಬೇಗ ಹೋಗಲ್ಲ, ಶುಗರ್ ಇಳಿದ್ರೆ ಇಳಿದೇ ಇರುತ್ತೆ. ನಿದ್ದೆಯಲ್ಲಿರೋ ಮನುಷ್ಯ ಬೆವರ್ತಿದಾನಾ, ತೊದಲ್ತಿದಾನಾ ಅಂತ ನೋಡೋರು ಯಾರು? ಬೆಳಗ್ಗೆ ಎಬ್ಬಿಸೋಕೆ ಹೋದಾಗ ಏಳದೇ ಇದ್ದಿದ್ರೆ "ವಯಸ್ಸಾಗಿತ್ತು, ಕಿಡ್ನಿ ಬೇರೆ ಹೋಗಿತ್ತು" ಅಂತ ಕಾರಣ ಬರೆಯೋಕೂ ಆಗ್ಬಹುದಿತ್ತು. ಇನ್ಸುಲಿನ್ ಅನ್ನ ಹೈ ಅಲರ್ಟ್ ಔಷಧಿ ಅಂತ ಬೇರೆ ಲಿಸ್ಟಲ್ಲಿ ಇಡೋದು ಇದಕ್ಕೇ, ತಪ್ಪಾದಾಗ ಅದು ಮಾಡೋ ಹಾನಿ ಬೇರೆ ಔಷಧಿಗಳಿಗಿಂತ ತುಂಬ ದೊಡ್ಡದು.

ಮೊದಲ ಪ್ರಶ್ನೆ ನಾನೇ ತಪ್ಪು ಕೇಳಿದೆ

ಆ ವಾರ್ಡಲ್ಲಿ ಸ್ಟೂಡೆಂಟ್ಸ್‌ಗೆ ಬೆಡ್‌ಸೈಡ್ ಪಾಠ ಮಾಡೋಳು ನಾನು. ಮರುದಿನ ಬೆಳಗ್ಗೆ ವಿಷಯ ಕಿವಿಗೆ ಬಿದ್ದಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಯಾರು ಬರೆದಿದ್ದು ಆ ಆರ್ಡರ್?" ಅಂತ. ಇವತ್ತಿಗೂ ಆ ಮಾತು ನನ್ನನ್ನ ಚುಚ್ಚುತ್ತೆ. ಯಾಕಂದ್ರೆ ಸುತ್ತ ನಿಂತಿದ್ದ ಸ್ಟೂಡೆಂಟ್ಸ್ ಎಲ್ರೂ ಆ ಒಂದು ಪ್ರಶ್ನೆಯಿಂದ ಕಲಿತ್ಬಿಟ್ರು, ಇಲ್ಲಿ ತಪ್ಪು ಅಂದ್ರೆ ಒಬ್ಬ ಮನುಷ್ಯ, ಆ ಮನುಷ್ಯನ್ನ ಹುಡ್ಕಿದ್ರೆ ಕೆಲಸ ಮುಗೀತು ಅಂತ. ಇಂಟರ್ನ್ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಸಿಸ್ಟರ್ ಕಣ್ಣಲ್ಲಿ ನೀರು. ಪ್ರಶ್ನೆ ಕೇಳಿ ಒಬ್ಬ ಪೇಷೆಂಟ್ ಉಳಿಸಿದ ಹುಡುಗಿ ಮಾತ್ರ ಹಿಂದೆ ಗೋಡೆ ಪಕ್ಕ ನಿಂತಿದ್ಲು, ತಾನೇ ಏನೋ ತಪ್ಪು ಮಾಡಿ ಸಿಕ್ಕಾಕೊಂಡ ಹಾಗೆ.

ಆಮೇಲೆ ಅವಳನ್ನ ಕೂರಿಸ್ಕೊಂಡು ಮಾತಾಡಿದೆ. "ಸಿರಿಂಜ್ ನೋಡಿದ ತಕ್ಷಣ ಅನುಮಾನ ಬಂತು ಮೇಡಂ, ಆದ್ರೆ ಸಿಸ್ಟರ್‌ಗೆ ಇಷ್ಟು ವರ್ಷ ಎಕ್ಸ್‌ಪೀರಿಯೆನ್ಸ್ ಇದೆ, ನಂಗೆ ಗೊತ್ತಿಲ್ದೇ ಇರೋದು ಏನೋ ಇರ್ಬೇಕು ಅಂದ್ಕೊಂಡೆ" ಅಂದ್ಲು. ಮತ್ತೆ ಯಾಕೆ ಕೇಳಿದೆ ಅಂದ್ರೆ, "ಆ ತಾತ ನನ್ನ ಕಡೆ ನೋಡಿ ನಕ್ಕರು ಮೇಡಂ" ಅಂದ್ಲು, ಅಷ್ಟೇ. ಒಂದು ಜೀವ ಉಳಿದಿದ್ದು ಒಂದು ನಗುವಿನ ಮೇಲೆ ನಿಂತಿತ್ತು ಅಂದಾಗ ಮೂರು ವರ್ಷ ನಾವು ಕಲಿಸಿದ್ದು ಏನು ಅನ್ನೋ ಪ್ರಶ್ನೆ ನನ್ನನ್ನ ಬಿಡ್ಲಿಲ್ಲ. ಇನ್ಸುಲಿನ್ ಫಾರ್ಮಕಾಲಜಿ ಅವಳಿಗೆ ಚೆನ್ನಾಗಿ ಗೊತ್ತು, ಇಂಜೆಕ್ಷನ್ ಕೊಡೋ ಜಾಗ ಗೊತ್ತು, ಹೈಪೋ, ಅಂದ್ರೆ ಶುಗರ್ ತೀರಾ ಇಳಿದಾಗಿನ ಲಕ್ಷಣಗಳನ್ನ ನಿದ್ದೆಯಲ್ಲಿ ಎಬ್ಬಿಸಿದ್ರೂ ಹೇಳ್ತಾಳೆ. ಸೀನಿಯರ್ ಕೈಯಲ್ಲಿ ತಪ್ಪು ಡೋಸ್ ಕಂಡಾಗ ಬಾಯಿಂದ ಯಾವ ಮಾತು ಹೊರಡ್ಬೇಕು ಅನ್ನೋದನ್ನ ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ.

ಇದು ಹೊಸ ವಿಚಾರ ಏನಲ್ಲ. ಅಮೆರಿಕದ ಇನ್ಸ್‌ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಕೊಟ್ಟ ವರದಿ, ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಮೆಡಿಕಲ್ ತಪ್ಪುಗಳಿಂದ ಸಾಯ್ತಿದ್ದಾರೆ ಅಂತ ಅಂದಾಜು ಮಾಡಿತ್ತು, ಆ ಅಂಕಿ ಬಗ್ಗೆ ವಾದ ವಿವಾದ ಬೇಕಾದಷ್ಟು ನಡೆದಿದೆ, ಆದ್ರೆ ತಪ್ಪಿನ ಬೇರು ಹೆಚ್ಚಾಗಿ ವ್ಯವಸ್ಥೆಯಲ್ಲಿದೆ ಅನ್ನೋ ಅದರ ಮಾತು ಉಳ್ಕೊಂಡಿದೆ. 2003ರಲ್ಲಿ ಅದೇ ಸಂಸ್ಥೆ ಬರೀ ಶಿಕ್ಷಣದ ಬಗ್ಗೆನೇ ಒಂದು ವರದಿ ತಂದು, ಡಾಕ್ಟರ್ ಆಗ್ಲಿ ನರ್ಸ್ ಆಗ್ಲಿ ಫಾರ್ಮಸಿಸ್ಟ್ ಆಗ್ಲಿ ಎಲ್ರಿಗೂ ಐದು ಸಾಮರ್ಥ್ಯ ಬೇಕು ಅಂತು, ಅದರಲ್ಲಿ ಬೇರೆ ಬೇರೆ ವೃತ್ತಿಯವರ ಜೊತೆ ಟೀಮಾಗಿ ಕೆಲಸ ಮಾಡೋದೂ ಇದೆ, ಕೆಲಸದ ಗುಣಮಟ್ಟ ಸುಧಾರಿಸೋದೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮೆಡಿಕಲ್ ಕಾಲೇಜುಗಳಿಗೆ ಅಂತ ಪೇಷೆಂಟ್ ಸೇಫ್ಟಿ ಪಠ್ಯಕ್ರಮ ಕೊಟ್ಟು, 2011ರಲ್ಲಿ ಅದನ್ನ ಎಲ್ಲಾ ಆರೋಗ್ಯ ವೃತ್ತಿಗಳಿಗೂ ಹೊಂದೋ ಹಾಗೆ 11 ವಿಷಯಗಳಲ್ಲಿ ಮಾಡ್ತು. ಕಾಗದದ ಮೇಲೆ ಎಲ್ಲಾ ಇದೆ. ನಮ್ಮಲ್ಲೂ ವರ್ಷಕ್ಕೊಂದು ಲೆಕ್ಚರ್ ಇತ್ತು, ಸ್ಲೈಡ್ ಇತ್ತು, ಹಾಜರಿ ತಗೋತಿದ್ವಿ. ಸಂಜೆ ಟ್ರಾಲಿ ಹತ್ರ ಆ ಸ್ಲೈಡ್ ಯಾವುದೂ ಉಪಯೋಗಕ್ಕೆ ಬರ್ಲಿಲ್ಲ.

ಆರು ಜನ, ಒಂದು ಚಾರ್ಟ್

ಘಟನೆಯನ್ನ ನಿಯರ್ ಮಿಸ್, ಅಂದ್ರೆ ಪೇಷೆಂಟ್ ತನಕ ಹೋಗದೇ ತಪ್ಪಿದ ಅಪಾಯ, ಅಂತ ರಿಪೋರ್ಟ್ ಮಾಡಿದ್ವಿ, ಅದರ ಜೊತೆಗೆ ಅದನ್ನೇ ಪಾಠ ಮಾಡೋಣ ಅಂತ ನರ್ಸಿಂಗ್ ಮತ್ತೆ ಫಾರ್ಮಸಿ ಟೀಚರ್‌ಗಳನ್ನ ಕೇಳ್ಕೊಂಡೆ, ಇಬ್ರೂ ಒಪ್ಪಿದ್ರು. ಎರಡು ಮೆಡಿಕಲ್, ಎರಡು ನರ್ಸಿಂಗ್, ಎರಡು ಫಾರ್ಮಸಿ, ಒಟ್ಟು ಆರು ಸ್ಟೂಡೆಂಟ್ಸ್. ಒಂದೇ ಕ್ಯಾಂಪಸ್ಸಲ್ಲಿ ವರ್ಷಗಟ್ಟಲೆ ಓಡಾಡಿದ್ರೂ ಈ ಮೂರು ಗುಂಪು ಒಂದೇ ಟೇಬಲ್ಲಲ್ಲಿ ಕೂತಿದ್ದು ಅದೇ ಮೊದಲು. ಶುರು ಮಾಡೋಕೆ ಮುಂಚೆ ಇಂಟರ್ನ್ ಮತ್ತೆ ಸಿಸ್ಟರ್ ಇಬ್ರ ಹತ್ರನೂ ನಾನೇ ಹೋಗಿ ಕೂತು ಮಾತಾಡಿದೆ, ಕ್ಷಮೆನೂ ಕೇಳಿದೆ, ನಿಮ್ಮ ಹೆಸರು ಎಲ್ಲೂ ಬರಲ್ಲ, ಆದ್ರೆ ಆ ಹೊತ್ತಲ್ಲಿ ನಿಮಗೆ ಕೆಲಸ ಹೇಗೆ ಕಾಣ್ತಿತ್ತು ಅಂತ ಸ್ಟೂಡೆಂಟ್ಸ್‌ಗೆ ಹೇಳ್ತೀರಾ ಅಂತ ಕೇಳಿದೆ. ಇಂಟರ್ನ್ ಎರಡು ರಾತ್ರಿ ನಿದ್ದೆ ಮಾಡಿರ್ಲಿಲ್ಲ. ತಪ್ಪಲ್ಲಿ ಭಾಗಿಯಾಗಿ ಹೀಗೆ ನೋವು ತಿನ್ನೋ ಸಿಬ್ಬಂದಿಯನ್ನ ಆಲ್ಬರ್ಟ್ ವು ಅನ್ನೋ ವೈದ್ಯರು 2000ದಲ್ಲಿ 'ಸೆಕೆಂಡ್ ವಿಕ್ಟಿಮ್', ಅಂದ್ರೆ ಎರಡನೇ ಬಲಿಪಶು, ಅಂತ ಕರೆದ್ರು. ಆ ಹೆಸರು ಎಲ್ರಿಗೂ ಹಿಡಿಸಲ್ಲ, ಪೇಷೆಂಟ್ ಕುಟುಂಬದವರಿಗೆ ಅದು ನೋವು ಕೊಡುತ್ತೆ ಅನ್ನೋ ವಾದನೂ ಸರಿಯಾಗೇ ಇದೆ, ಆದ್ರೆ ಆ ನೋವು ನಿಜ, ಅದನ್ನ ನಾನು ಆ ಹುಡುಗನ ಮುಖದಲ್ಲಿ ಕಂಡಿದೀನಿ.

ಮೊದಲ ದಿನ ಸ್ಟೂಡೆಂಟ್ಸ್ ಬರೆದ ಕಾರಣಗಳು ಹೀಗಿದ್ವು: ಕೈಬರಹ ಕೆಟ್ಟದು, ಸಿಸ್ಟರ್ ಸರಿಯಾಗಿ ನೋಡ್ಲಿಲ್ಲ, ಡಬಲ್ ಚೆಕ್ ಮಾಡ್ಲಿಲ್ಲ. ನಾನು ಅದನ್ನ ತಪ್ಪು ಅನ್ಲಿಲ್ಲ, ಹಾಗೇ ಇಟ್ಕೊಳ್ಳಿ, ನಾಳೆ ಸಂಜೆ ಅದೇ ಹೊತ್ತಿಗೆ ಹೋಗಿ ವಾರ್ಡಲ್ಲಿ ಸುಮ್ನೆ ನಿಂತು ನೋಡ್ಕೊಂಡು ಬನ್ನಿ ಅಂದೆ. ಏನನ್ನೂ ಮುಟ್ಬೇಡಿ, ಸಲಹೆ ಕೊಡ್ಬೇಡಿ, ಒಂದು ಇನ್ಸುಲಿನ್ ಡೋಸ್ ಡಾಕ್ಟರ್ ತಲೆಯಿಂದ ಹೊರಟು ಪೇಷೆಂಟ್ ಚರ್ಮ ಸೇರೋ ತನಕ ಎಷ್ಟು ಕೈ ದಾಟುತ್ತೆ ಅಂತ ಬರ್ಕೊಳ್ಳಿ.

ಮೂರು ಸಂಜೆ ನಿಂತು ಬಂದವರ ಮಾತೇ ಬೇರೆ ಇತ್ತು. ಮೆಡಿಕಲ್ ಸ್ಟೂಡೆಂಟ್ ಒಬ್ಬ ಹೇಳ್ದ, ಇಂಟರ್ನ್ ಆರ್ಡರ್ ಬರೆಯೋದು ನಿಂತ್ಕೊಂಡು, ಫೈಲನ್ನ ಬೆಡ್ ಅಂಚಿಗೆ ಒರಗಿಸ್ಕೊಂಡು, ವಾರ್ಡಲ್ಲಿ ಬರೆಯೋಕೆ ಅಂತ ಇರೋ ಟೇಬಲ್ ಮೇಲೆ ಪ್ರಿಂಟರ್ ಮತ್ತೆ ಹಳೇ ಫೈಲ್ ರಾಶಿ ಇದೆ ಅಂತ. ನರ್ಸಿಂಗ್ ಸ್ಟೂಡೆಂಟ್ ಗಮನಿಸಿದ್ದು, ಟ್ರಾಲಿ ಒಂದು ರೌಂಡ್ ಮುಗಿಸೋ ಹೊತ್ತಿಗೆ ಸಿಸ್ಟರ್‌ನ ಮತ್ತೆ ಮತ್ತೆ ಯಾರಾದ್ರೂ ಕರೀತಾನೇ ಇರ್ತಾರೆ, ಡ್ರಿಪ್ ನಿಂತಿದೆ, ರಿಪೋರ್ಟ್ ಬಂತಾ, ಫೋನ್, ಹೀಗೆ. ಡಬಲ್ ಚೆಕ್‌ಗೆ ಎರಡನೇ ನರ್ಸ್ ಬೇಕು ಅಂತ ನಿಯಮ ಇದೆ, ಆದ್ರೆ ಆ ಹೊತ್ತಲ್ಲಿ ಎರಡನೇ ನರ್ಸ್ ಹೊಸ ಅಡ್ಮಿಶನ್ ತಗೋತಿರ್ತಾರೆ, ಹಾಗಾಗಿ ಸಹಿ ಆಮೇಲೆ ಬೀಳುತ್ತೆ. ನಿಯಮ ಬರೆದವರು ಸಂಜೆ ಏಳಕ್ಕೆ ಆ ವಾರ್ಡಲ್ಲಿ ಯಾವತ್ತೂ ನಿಂತಿರ್ಲಿಲ್ಲ, ಅದರಲ್ಲಿ ನಾನೂ ಒಬ್ಳು.

ಎಲ್ಲಕ್ಕಿಂತ ಹೆಚ್ಚು ನನ್ನನ್ನ ನಡುಗಿಸಿದ್ದು ಫಾರ್ಮಸಿ ಸ್ಟೂಡೆಂಟ್ ತಂದ ವಿಷಯ. ಅವಳು ಟ್ರಾಲಿ ಡ್ರಾಯರ್ ತೆಗೆದು ನೋಡಿದಾಳೆ, ಒಂದೇ ಡ್ರಾಯರಲ್ಲಿ ಎರಡು ಥರ ಇನ್ಸುಲಿನ್ ಸಿರಿಂಜ್. ಇನ್ಸುಲಿನ್ ವಯಲ್, ಅಂದ್ರೆ ಔಷಧಿಯ ಚಿಕ್ಕ ಬಾಟಲಿಯಲ್ಲಿ, ಕೆಲವು ಕಡೆ ಒಂದು ಎಂಎಲ್‌ಗೆ 100 ಯೂನಿಟ್ ಇರುತ್ತೆ, ಕೆಲವು ಕಡೆ ಇನ್ನೂ 40 ಯೂನಿಟ್ ಇರೋದೂ ಸಿಗುತ್ತೆ, ಎರಡಕ್ಕೂ ಸಿರಿಂಜಿನ ಗೆರೆ ಬೇರೆ ಬೇರೆ. 100ರ ವಯಲ್‌ನಿಂದ 40ರ ಸಿರಿಂಜಲ್ಲಿ ಹತ್ತರ ಗೆರೆ ತನಕ ಎಳೆದ್ರೆ ಅದು ಕಾಲು ಎಂಎಲ್, ಅಂದ್ರೆ ಪೇಷೆಂಟ್‌ಗೆ ಹೋಗೋದು ಹತ್ತಲ್ಲ, ಇಪ್ಪತ್ತೈದು. ಉಲ್ಟಾ ಆದ್ರೆ ಹತ್ತು ಅಂದ್ಕೊಂಡು ನಾಲ್ಕೇ ಕೊಟ್ಟಿರ್ತೀವಿ, ಶುಗರ್ ಇಳೀತಿಲ್ಲ ಅಂತ ಡೋಸ್ ಏರಿಸ್ತಾ ಹೋಗ್ತೀವಿ. ನಾವು ಹುಡ್ಕೋಕೆ ಹೋಗಿದ್ದು ಒಂದು ಅಕ್ಷರದ ತಪ್ಪು, ಸಿಕ್ಕಿದ್ದು ಅದಕ್ಕಿಂತ ಸದ್ದಿಲ್ಲದ ಇನ್ನೊಂದು. ಅಲ್ಲಿ ಕೆಲಸ ಮಾಡೋ ನಾವ್ಯಾರೂ ಆ ಡ್ರಾಯರನ್ನ ಆ ಕಣ್ಣಲ್ಲಿ ನೋಡಿರ್ಲಿಲ್ಲ. ಹೊಸಬರ ಕಣ್ಣು ಅಭ್ಯಾಸ ಆಗೋ ಮುಂಚೆ ಕಾಣೋದು ಎಷ್ಟು ಬೆಲೆ ಬಾಳುತ್ತೆ ಅಂತ ನಂಗೆ ಅವತ್ತು ಗೊತ್ತಾಯ್ತು.

ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರ ಸ್ವಿಸ್ ಚೀಸ್ ಮಾಡೆಲ್, ಅಂದ್ರೆ ರಕ್ಷಣೆಯ ಪದರಗಳಲ್ಲಿರೋ ತೂತುಗಳು ಒಂದೇ ಸಾಲಿಗೆ ಬಂದಾಗ ಅಪಾಯ ನೇರ ದಾಟಿ ಹೋಗುತ್ತೆ ಅನ್ನೋದು, ಅದನ್ನ ನಾನು ಬೋರ್ಡ್ ಮೇಲೆ ಬರೆದಿದ್ದು ಇವರೆಲ್ಲ ವಾರ್ಡ್ ನೋಡಿ ಬಂದ ಮೇಲೆ. ಮೊದಲೇ ಬರೆದಿದ್ರೆ ಪರೀಕ್ಷೆಗೆ ಬೇಕಾದ ಚಿತ್ರ ಅಂತ ಕಾಪಿ ಮಾಡ್ಕೊಂಡು ಬಿಡ್ತಿದ್ರು.

ಕೇಳಿದ್ದ, ಆದ್ರೂ ಆಯ್ತು

"ಪ್ರಶ್ನೆ ಕೇಳಿದ್ರೆ ಸಾಕಲ್ವಾ ಮೇಡಂ, ನಮ್ಮ ಕೇಸಲ್ಲಿ ಅದೇ ತಾನೇ ಉಳಿಸಿದ್ದು?" ಅಂತ ಗುಂಪಲ್ಲಿ ಒಬ್ಬ ಕೇಳ್ದ. ಅದಕ್ಕೆ ನಾನು ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ಕ್ವೀನ್ಸ್ ಮೆಡಿಕಲ್ ಸೆಂಟರಲ್ಲಿ 2001ರ ಜನವರಿಯಲ್ಲಿ ನಡೆದಿದ್ದನ್ನ ಹೇಳಿದೆ. ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಹತೋಟಿಗೆ ಬಂದಿದ್ದ 18 ವರ್ಷದ ಹುಡುಗ, ಟ್ರೀಟ್‌ಮೆಂಟ್‌ಗೆ ಬಂದಿದ್ದ. ವಿನ್‌ಕ್ರಿಸ್ಟಿನ್ ಅನ್ನೋ ಔಷಧಿನ ರಕ್ತನಾಳಕ್ಕೆ ಮಾತ್ರ ಕೊಡ್ಬೇಕು, ಅದನ್ನ ಬೆನ್ನುಹುರಿ ದ್ರವಕ್ಕೆ ಕೊಟ್ಟುಬಿಟ್ರು. ಕೊಡೋ ಮುಂಚೆ ಜೂನಿಯರ್ ಡಾಕ್ಟರ್ ಕೇಳಿದ್ದ, ವಿನ್‌ಕ್ರಿಸ್ಟಿನ್ ಇಲ್ಲಿಗೆ ಕೊಡೋದಾ ಅಂತ. ಪಕ್ಕದಲ್ಲಿದ್ದ ಸೀನಿಯರ್ ಹೌದು ಅಂದ್ರು. ಆ ಸೀನಿಯರ್ ಅಲ್ಲಿಗೆ ಬಂದು ಕೆಲವೇ ದಿನ ಆಗಿತ್ತು. ಹುಡುಗ ಸುಮಾರು ಒಂದು ತಿಂಗಳಾದ ಮೇಲೆ ತೀರ್ಕೊಂಡ. ಇದರ ಹಿಂದಿನ ವರ್ಷ, 2000ದಲ್ಲೇ, ಬ್ರಿಟನ್ನಿನ ಆರೋಗ್ಯ ಇಲಾಖೆ ತನ್ನ ವರದಿಯಲ್ಲಿ ಈ ಥರ ಬೆನ್ನುಹುರಿಗೆ ತಪ್ಪಾಗಿ ಔಷಧಿ ಹೋಗಿ ಆಗೋ ಸಾವುಗಳನ್ನ 2001ರ ಕೊನೆ ಒಳಗೆ ಸೊನ್ನೆಗೆ ತರ್ತೀವಿ ಅಂತ ಗುರಿ ಹಾಕ್ಕೊಂಡಿತ್ತು. ಅಂದ್ರೆ ಅಪಾಯ ಗೊತ್ತಿತ್ತು, ಗುರಿ ಇತ್ತು, ಜೂನಿಯರ್ ಪ್ರಶ್ನೆನೂ ಕೇಳಿದ್ದ.

ಕ್ಲಾಸಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ನಮ್ಮ ಹುಡುಗಿನೇ, ಇನ್ಸುಲಿನ್ ಹುಡುಗಿ, ಹೇಳಿದ್ಲು: "ಹಾಗಿದ್ರೆ ಸಿಸ್ಟರ್ ಕೈ ನಿಲ್ಲಿಸಿದ್ದೂ ಅಷ್ಟೇ ದೊಡ್ಡ ವಿಷಯ ಮೇಡಂ." ಈ ಪ್ರಕರಣದಲ್ಲಿ ನಂಗೆ ಸಿಕ್ಕ ದೊಡ್ಡ ಪಾಠ ಅವಳ ಆ ಮಾತು. ಅಷ್ಟು ಗಡಿಬಿಡಿಯಲ್ಲಿ, ಒಬ್ಬ ಸ್ಟೂಡೆಂಟ್ ಕೇಳಿದ್ದಕ್ಕೆ ಕೋಪ ಮಾಡ್ಕೊಳ್ದೇ ಚಾರ್ಟ್ ತಿರುಗಿ ನೋಡಿದ ಆ ಸಿಸ್ಟರ್‌ನ ನಾವು ಅಲ್ಲಿ ತನಕ ತಪ್ಪು ಮಾಡಿದವರು ಅಂತಾನೇ ನೋಡಿದ್ವಿ. ಸ್ಟೂಡೆಂಟ್ಸ್‌ಗೆ ಕೇಳೋದು ಕಲಿಸಿ, ಕೇಳಿಸ್ಕೊಳ್ಳೋದನ್ನ ಸೀನಿಯರ್‌ಗಳಿಗೆ ಕಲಿಸ್ದೇ ಇದ್ರೆ ಆ ತರಬೇತಿಗೆ ಒಂದೇ ಕಾಲು.

ಆ ಔಷಧಿಗೆ ಆಮೇಲೆ ಬಂದ ಪರಿಹಾರಗಳನ್ನೂ ನೋಡಿದ್ವಿ. ವಿನ್‌ಕ್ರಿಸ್ಟಿನ್‌ನ ಸಿರಿಂಜಲ್ಲಿ ಕೊಡೋದೇ ಬೇಡ, ಚಿಕ್ಕ ಡ್ರಿಪ್ ಬ್ಯಾಗಲ್ಲಿ ಕೊಡಿ ಅನ್ನೋದು ಒಂದು, ಬೆನ್ನುಹುರಿ ಸೂಜಿಗೆ ಬೇರೆ ಸಿರಿಂಜ್ ಕೂರದೇ ಇರೋ ಹಾಗೆ ಕನೆಕ್ಟರ್ ಆಕಾರವನ್ನೇ ಬದಲಾಯಿಸೋದು ಇನ್ನೊಂದು, ಇದಕ್ಕೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ 2016ರಲ್ಲಿ ಬಂತು. ಹುಷಾರಾಗಿರಿ ಅನ್ನೋದಕ್ಕೂ, ತಪ್ಪು ಮಾಡೋಕೇ ಆಗದ ಹಾಗೆ ಮಾಡೋದಕ್ಕೂ ಇರೋ ದೂರ ಎಷ್ಟು ಅಂತ ಸ್ಟೂಡೆಂಟ್ಸ್‌ಗೆ ಅಲ್ಲಿ ಕಂಡಿತು.

ಪೋಸ್ಟರ್ ಅಂಟಿಸಿದ್ವಿ

ಹಾಗಂತ ಕಂಡ ಮೇಲೂ ಅವರು ಮೊದಲು ಮಾಡಿದ್ದು ಪೋಸ್ಟರ್. 'ಯು' ಬರೀಬೇಡಿ, ಯೂನಿಟ್ ಅಂತ ಪೂರ್ತಿ ಬರೀರಿ ಅಂತ, ಚೆನ್ನಾಗಿ ಬಣ್ಣ ಹಾಕಿ. ವಿಷಯ ಏನೋ ಸರಿನೇ, ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡಿದಾಗ ಅದರಲ್ಲಿ ಈ 'ಯು' ಇದೆ, 'ಐಯು', ಅಂದ್ರೆ ಇಂಟರ್‌ನ್ಯಾಷನಲ್ ಯೂನಿಟ್, ಇದೆ, ದಶಾಂಶ ಚುಕ್ಕೆ ಆದ್ಮೇಲೆ ಸುಮ್ನೆ ಸೊನ್ನೆ ಹಾಕೋದೂ ಇದೆ. ನಾನು ಬೇಡ ಅನ್ಲಿಲ್ಲ. ಆದ್ರೆ ಅಂಟಿಸೋ ಮುಂಚೆ ಒಂದು ಕರಾರು ಹಾಕಿದೆ, ಇದರಿಂದ ಏನಾಗುತ್ತೆ ಅಂತ ನಿಮ್ಮ ಊಹೆ ಬರೆದಿಡಿ, ದಿನಾ ಸಂಜೆ ಐದು ಡ್ರಗ್ ಚಾರ್ಟ್ ತೆಗೆದು ಎಷ್ಟರಲ್ಲಿ ಯೂನಿಟ್ ಅಂತ ಪೂರ್ತಿ ಇದೆ ಅಂತ ಎಣಿಸಿ ಚುಕ್ಕೆ ಹಾಕ್ತಾ ಹೋಗಿ.

ಪಿಡಿಎಸ್‌ಎ ಅಂತಾರಲ್ಲ, ಪ್ಲಾನ್ ಮಾಡು, ಮಾಡಿ ನೋಡು, ಏನಾಯ್ತು ಅಂತ ಓದು, ಅದರ ಪ್ರಕಾರ ಮುಂದಿನ ಹೆಜ್ಜೆ ಇಡು, ಗುಣಮಟ್ಟದ ತಜ್ಞರಾದ ಶೂಹಾರ್ಟ್ ಮತ್ತೆ ಡೆಮಿಂಗ್ ಕಾಲದಿಂದ ಕಾರ್ಖಾನೆಗಳಲ್ಲಿ ಬೆಳೆದು ಬಂದಿದ್ದು, ಅದರಲ್ಲಿ ಎಲ್ರೂ ಹಾರಿಸಿಬಿಡೋದು ಈ ಊಹೆ ಬರೆಯೋ ಭಾಗನೇ. ಊಹೆ ಬರೆದಿಲ್ಲ ಅಂದ್ರೆ ಸೋತಿದ್ದು ಗೊತ್ತಾಗಲ್ಲ. ಇವರು ಬರೆದಿದ್ದು 'ಎರಡು ವಾರದಲ್ಲಿ ಎಲ್ಲಾ ಚಾರ್ಟಲ್ಲೂ ಯೂನಿಟ್ ಅಂತ ಇರುತ್ತೆ' ಅಂತ. ಮೊದಲ ಎರಡು ಮೂರು ದಿನ ಚುಕ್ಕೆ ಮೇಲೆ ಹೋಯ್ತು, ಆಮೇಲೆ ಇದ್ದಲ್ಲಿಗೇ ಬಂತು. ರನ್ ಚಾರ್ಟ್, ಅಂದ್ರೆ ದಿನದಿನದ ಚುಕ್ಕೆಗಳ ಈ ಗ್ರಾಫ್, ಓದೋಕೆ ಒಂದು ಸರಳ ನಿಯಮ ಇದೆ, ಮಧ್ಯದ ಗೆರೆಯ ಒಂದೇ ಕಡೆ ಸಾಲಾಗಿ ಆರು ಅಥವಾ ಅದಕ್ಕಿಂತ ಹೆಚ್ಚು ಚುಕ್ಕೆ ಬಿದ್ರೆ ಮಾತ್ರ ನಿಜವಾಗಿ ಏನೋ ಬದಲಾಗಿದೆ ಅಂತ ತಗೋಬೇಕು, ಇಲ್ಲಾಂದ್ರೆ ಅದು ದಿನದಿನದ ಏರಿಳಿತ. ನಮಗೆ ಆ ಸಾಲು ಸಿಗ್ಲೇ ಇಲ್ಲ. ಒಬ್ಳು ಬೇಜಾರಲ್ಲಿ "ನಮ್ಮ ಪ್ರಾಜೆಕ್ಟ್ ಫೇಲ್ ಆಯ್ತು ಮೇಡಂ, ಮಾರ್ಕ್ಸ್ ಹೋಯ್ತಲ್ವಾ?" ಅಂತ ಕೇಳಿದ್ಲು. ಮಾರ್ಕ್ಸ್ ಕೊಡೋದೇ ಇದಕ್ಕೆ ಅಂದೆ. ನಾವು ಅಂಕ ಕೊಟ್ಟಿದ್ದು ಊಹೆ ಎಷ್ಟು ಸ್ಪಷ್ಟವಾಗಿತ್ತು, ಎಣಿಕೆ ಎಷ್ಟು ಪ್ರಾಮಾಣಿಕವಾಗಿತ್ತು, ಸೋತ ಮೇಲೆ ಏನು ಯೋಚ್ನೆ ಮಾಡಿದ್ರು ಅನ್ನೋದಕ್ಕೆ. ಗ್ರಾಫ್ ಮೇಲಕ್ಕೆ ಹೋದ್ರೆ ಮಾತ್ರ ಅಂಕ ಅಂತ ಇಟ್ರೆ ಎಲ್ಲಾ ಗ್ರಾಫೂ ಮೇಲಕ್ಕೇ ಹೋಗುತ್ತೆ, ಪೇಷೆಂಟ್ ಮಾತ್ರ ಇದ್ದಲ್ಲೇ ಇರ್ತಾರೆ.

ಸೋತಿದ್ದು ಯಾಕೆ ಅಂತ ಇಂಟರ್ನ್‌ಗಳನ್ನೇ ಹೋಗಿ ಕೇಳಿದ್ರು. ಪೋಸ್ಟರ್ ನೋಡಿದೀವಿ, ಒಪ್ತೀವಿ, ಬರೆಯೋವಾಗ ಕೈ ತಾನೇ 'ಯು' ಬರೆದುಬಿಡುತ್ತೆ ಅಂದ್ರು. ಅಲ್ಲಿಂದ ಎರಡನೇ ಪ್ರಯತ್ನ ಹುಟ್ಟಿತು, ಇನ್ಸುಲಿನ್‌ಗೆ ಅಂತಾನೇ ಬೇರೆ ಹಾಳೆ, ಅದರಲ್ಲಿ 'ಯೂನಿಟ್' ಅನ್ನೋ ಪದ ಮೊದಲೇ ಪ್ರಿಂಟ್ ಆಗಿರುತ್ತೆ, ಡಾಕ್ಟರ್ ಬರೆಯೋದು ಸಂಖ್ಯೆ ಮಾತ್ರ, ಪಕ್ಕದಲ್ಲೇ ಅದೇ ಸಂಖ್ಯೆ ಅಕ್ಷರದಲ್ಲಿ ಬರೆಯೋಕೆ ಒಂದು ಖಾನೆ, ಅದರ ಪಕ್ಕ ಆ ಹೊತ್ತಿನ ಶುಗರ್. ಮೊದಲ ಹಾಳೆಯನ್ನ ಒಬ್ಬ ಇಂಟರ್ನ್, ಒಬ್ಬ ಸಿಸ್ಟರ್, ಒಬ್ಬ ಪೇಷೆಂಟ್ ಜೊತೆ ಒಂದೇ ಸಂಜೆ ಬಳಸಿ ನೋಡಿದ್ರು, ಅಷ್ಟೇ. ಸಿಸ್ಟರ್ ತಕ್ಷಣ ಹೇಳಿದ್ರು, ಶುಗರ್ ಖಾನೆ ಡೋಸ್‌ಗಿಂತ ಮುಂಚೆ ಬರ್ಬೇಕು, ನಾವು ನೋಡೋದು ಆ ಕ್ರಮದಲ್ಲಿ ಅಂತ. ತಿದ್ದಿದ್ರು. ಮತ್ತೆ ಐದು ಪೇಷೆಂಟ್, ಆಮೇಲೆ ಇಡೀ ವಾರ್ಡ್. ಈ ಸಲ ಚುಕ್ಕೆಗಳು ಮೇಲೆ ಹೋಗಿ ಅಲ್ಲೇ ನಿಂತ್ವು, ಆರರ ಸಾಲು ಬಂತು. ಬರೆಯೋ ಅವಕಾಶನೇ ಇಲ್ಲದ ಅಕ್ಷರವನ್ನ ಕೈ ಬರೆಯೋದಾದ್ರೂ ಹೇಗೆ?

ಸಿರಿಂಜ್ ವಿಷಯ ಇಷ್ಟು ಎಳೀಲಿಲ್ಲ. ಫಾರ್ಮಸಿ ಸ್ಟೂಡೆಂಟ್ಸ್ ತಮ್ಮ ಟೀಚರ್ ಜೊತೆ ಹೋಗಿ ಸ್ಟೋರ್‌ನವರ ಹತ್ರ ಕೂತ್ರು, ವಾರ್ಡ್‌ಗೆ ಬರೋ ವಯಲ್ ಎಲ್ಲಾ 100ರದ್ದೇ ಅಂತ ಖಾತ್ರಿ ಮಾಡ್ಕೊಂಡ್ರು, 40ರ ಸಿರಿಂಜ್ ಎಲ್ಲಾ ವಾಪಸ್ ಹೋದ್ವು, ಇಂಡೆಂಟ್, ಅಂದ್ರೆ ವಾರ್ಡ್ ಸ್ಟೋರಿಂದ ತರಿಸೋ ಸಾಮಾನಿನ ಪಟ್ಟಿಯಿಂದಲೂ ತೆಗೆಸಿದ್ರು. ಇದಕ್ಕೆ ಯಾರ ನೆನಪೂ ಬೇಡ, ಯಾರ ಹುಷಾರೂ ಬೇಡ.

ಬಾಯಿ ಬಿಡೋ ಅಭ್ಯಾಸ

ಮಾತಾಡೋದನ್ನ ಕಲಿಸೋದು ಇದೆಲ್ಲಕ್ಕಿಂತ ಕಷ್ಟ ಆಯ್ತು. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಟೀಮ್‌ಸ್ಟೆಪ್ಸ್ ಅನ್ನೋ ತರಬೇತಿಯಲ್ಲಿ ಮೂರು ಮೆಟ್ಟಿಲ ಮಾತಿದೆ, ನಂಗೆ ಚಿಂತೆ ಆಗ್ತಿದೆ, ನಂಗೆ ಇದು ಸರಿ ಅನ್ನಿಸ್ತಿಲ್ಲ, ಇದು ಸೇಫ್ಟಿ ವಿಷಯ, ನಿಲ್ಲಿಸಿ ಅಂತ. ಒಂದು ಸಲ ಹೇಳಿದಾಗ ಕಿವಿಗೆ ಹಾಕ್ಕೊಳ್ದಿದ್ರೆ ಎರಡನೇ ಸಲ ಹೇಳಲೇಬೇಕು ಅನ್ನೋ ನಿಯಮನೂ ಇದೆ. ರೋಲ್ ಪ್ಲೇ ಮಾಡ್ಸಿದೆ. ಆರೂ ಜನ ಅದನ್ನ ಒಪ್ಪಿಸೋ ಹಾಗೆ ಹೇಳಿದ್ರು. ನಿಜವಾದ ವಾರ್ಡಲ್ಲಿ ಹೀಗೆ ಹೇಳ್ತೀರಾ ಅಂದ್ರೆ ಯಾರೂ ಇಲ್ಲ. "ಸೀನಿಯರ್‌ಗೆ ನಿಲ್ಲಿಸಿ ಅಂತ ಹೇಗೆ ಮೇಡಂ ಹೇಳೋದು, ಪೋಸ್ಟಿಂಗ್ ಸಹಿ ಹಾಕೋದು ಅವರೇ" ಅಂದ ಒಬ್ಬ. ಅವನ ಮಾತಲ್ಲಿ ತಪ್ಪಿಲ್ಲ, ಅವನ ಭಯಕ್ಕೆ ಕಾರಣ ಇದೆ.

ಹಾಗಾಗಿ ನಿಮ್ಮ ಬಾಯಲ್ಲಿ ಬರೋ ಮಾತು ಯಾವುದು ಅಂತ ಅವರನ್ನೇ ಕೇಳ್ದೆ. ತುಂಬ ಹೊತ್ತು ಚರ್ಚೆ ಆಗಿ ಒಂದು ಮಾತಿಗೆ ಬಂದ್ರು: "ಸಿಸ್ಟರ್, ಒಂದ್ ಸಲ ಚಾರ್ಟ್ ಒಟ್ಟಿಗೆ ನೋಡೋಣ್ವಾ?" ಡಾಕ್ಟರ್ ಆದ್ರೆ "ಸರ್, ಡೋಸ್ ಒಂದ್ ಸಲ ಜೋರಾಗಿ ಹೇಳ್ತೀರಾ, ಬರ್ಕೋತೀನಿ." ಇದರಲ್ಲಿ ಆರೋಪ ಇಲ್ಲ, ಮರ್ಯಾದೆ ಇದೆ, ಆದ್ರೆ ಕೈ ಮಾತ್ರ ನಿಲ್ಲುತ್ತೆ. ಅದಕ್ಕೂ ಜಗ್ಗಲಿಲ್ಲ ಅಂದ್ರೆ ಆಗ 'ನಂಗೆ ಇದು ಸರಿ ಕಾಣ್ತಿಲ್ಲ' ಅನ್ನೋ ಮಾತು. ಅದನ್ನ ಆಡೋ ಧೈರ್ಯ ಬರೋ ತನಕ, ಹತ್ತು ಹದಿನೈದು ಸಲ, ಖಾಲಿ ಸಿರಿಂಜ್ ಹಿಡ್ಕೊಂಡು ಅಭ್ಯಾಸ ಮಾಡಿದ್ರು. ಸಿಸ್ಟರ್ ಪಾತ್ರ ಮಾಡೋಕೆ ನಿಜವಾದ ಸಿಸ್ಟರೇ ಬಂದ್ರು, ಘಟನೆಯಲ್ಲಿದ್ದ ಅದೇ ಸಿಸ್ಟರ್, ತಾವಾಗೇ ಬರ್ತೀನಿ ಅಂದಿದ್ರು. "ಕೇಳಿದ್ದು ಒಳ್ಳೇದಾಯ್ತಮ್ಮ, ನೋಡೋಣ" ಅಂತ ಅವರು ಉತ್ತರ ಕೊಡೋದನ್ನ ಬೇರೆ ನರ್ಸ್‌ಗಳೂ ಇಂಟರ್ನ್‌ಗಳೂ ಬಾಗಿಲಲ್ಲಿ ನಿಂತು ನೋಡಿದ್ರು. ವಾರ್ಡಿನ ಡಾಕ್ಟರ್ ತಂಡದ ಚೀಫ್‌ನೂ ಒಂದು ಸಲ ಕೂರಿಸಿದ್ವಿ, ಬೇಕಂತಲೇ ತಪ್ಪು ಡೋಸ್ ಹೇಳಿ ಸ್ಟೂಡೆಂಟ್ ತಿದ್ದಿದಾಗ ಥ್ಯಾಂಕ್ಸ್ ಹೇಳೋ ಪಾತ್ರ ಅವರದು. ನನ್ನ ಅಷ್ಟೂ ಲೆಕ್ಚರ್‌ಗಿಂತ ಅದು ಹೆಚ್ಚು ಕೆಲಸ ಮಾಡ್ತು ಅಂತ ನಂಗೆ ಅನ್ಸುತ್ತೆ.

ಇನ್ನೊಂದು ವಿಷಯಕ್ಕೆ ಗುಂಪಲ್ಲಿ ಜೋರು ಜಗಳನೇ ಆಯ್ತು, ಪೇಷೆಂಟ್‌ಗೆ ಹೇಳ್ಬೇಕಾ ಬೇಡ್ವಾ ಅಂತ. ತಪ್ಪು ಡೋಸ್ ಅವರ ಮೈಗೆ ಹೋಗಿಲ್ಲ, ಸುಮ್ನೆ ಯಾಕೆ ಗಾಬರಿ ಅಂತ ಮೂರು ಜನ. ಅವರ ಮೈ, ಅವರಿಗೆ ಗೊತ್ತಾಗ್ಬೇಕು ಅಂತ ಮೂರು ಜನ. ಇಂಥ ನಿಯರ್ ಮಿಸ್ ಹೇಳೋ ವಿಷಯದಲ್ಲಿ ಎಲ್ಲಾ ಕಡೆ ಒಂದೇ ಪದ್ಧತಿ ಇಲ್ಲ. ನಾವು ಹೇಳೋದು ಅಂತ ತೀರ್ಮಾನ ಮಾಡಿ, ನಾನು ಮತ್ತೆ ಸಿಸ್ಟರ್ ಹೋಗಿ ತಾತನಿಗೂ ಅವರ ಮಗಳಿಗೂ ಹೇಳಿದ್ವಿ. ಮಗಳು ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಹುಡುಗಿ ಯಾರು?" ಅಂತ ಕೇಳಿದ್ರು. ನಾನು ಅವತ್ತು ಬೆಳಗ್ಗೆ ಕೇಳ್ಬೇಕಾಗಿದ್ದ ಮೊದಲ ಪ್ರಶ್ನೆ ಅದು.

ಪೋಸ್ಟಿಂಗ್ ಮುಗಿದ ಮೇಲೆ

ಸ್ಟೂಡೆಂಟ್ ಪ್ರಾಜೆಕ್ಟ್‌ಗಳು ಸಾಯೋದು ಪೋಸ್ಟಿಂಗ್ ಮುಗಿದ ದಿನ. ಕೆಲವು ವಾರ ಬಂದು ಹೋಗೋರು ಅವರು, ಹಾಳೆ ಖಾಲಿಯಾದಾಗ ಮತ್ತೆ ಪ್ರಿಂಟ್ ಮಾಡಿಸೋರು ಯಾರು? ನಾವು ಇದನ್ನ ತಡವಾಗಿ ಯೋಚ್ನೆ ಮಾಡಿದ್ವಿ. ಗುಂಪು ಹೋದ ಸ್ವಲ್ಪ ದಿನಕ್ಕೆ ಪ್ರಿಂಟಾದ ಹಾಳೆ ಮುಗಿದು, ರಾತ್ರಿ ಡ್ಯೂಟಿಯವರು ಹಳೇ ಚಾರ್ಟ್‌ಗೆ ವಾಪಸ್ ಹೋಗಿದ್ರು, ನಮಗೆ ಅದು ತಿಳಿದಿದ್ದು ಮುಂದಿನ ಬ್ಯಾಚ್ ಬಂದು ಎಣಿಸಿದಾಗ. ಆಮೇಲೆ ಹಾಳೆಯ ಜವಾಬ್ದಾರಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಬಂತು, ಸ್ಟೋರ್ ಇಂಡೆಂಟಲ್ಲಿ ಸೇರಿತು, ಎಣಿಕೆ ಮಾಡೋ ನೋಟ್‌ಬುಕ್ ಬ್ಯಾಚ್‌ನಿಂದ ಬ್ಯಾಚ್‌ಗೆ ಕೈ ಬದಲಾಗೋ ಹಾಗೆ ಮಾಡಿದ್ವಿ, ಪ್ರತಿ ಹೊಸ ಬ್ಯಾಚೂ ಹೊಸ ಪ್ರಾಜೆಕ್ಟ್ ಹುಟ್ಟಿಸ್ಬೇಕು ಅನ್ನೋ ಹಟ ಬಿಟ್ವಿ. ಹಿಂದಿನವರದ್ದನ್ನ ಉಳಿಸೋದೂ ಪ್ರಾಜೆಕ್ಟೇ ಅಂತ ಅಂಕದ ಹಾಳೆಯಲ್ಲಿ ಬರೆದ್ವಿ.

ವಾರ್ಡಿನ ನಿಯರ್ ಮಿಸ್ ರಿಪೋರ್ಟ್‌ಗಳು ಆಮೇಲೆ ಜಾಸ್ತಿ ಬರೋಕೆ ಶುರುವಾದ್ವು, ಆಡಳಿತದವರು ಒಬ್ರು ಗಾಬರಿಯಾಗಿ ಕೇಳಿದ್ರು, ನಿಮ್ಮ ವಾರ್ಡಲ್ಲೇ ಯಾಕೆ ಇಷ್ಟು ತಪ್ಪು ಅಂತ. ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ಟೀಮ್‌ಗಳಲ್ಲಿ ಔಷಧಿ ತಪ್ಪುಗಳನ್ನ ನೋಡೋಕೆ ಹೋದಾಗ, ಚೆನ್ನಾಗಿ ಕೆಲಸ ಮಾಡೋ ಟೀಮ್‌ಗಳಲ್ಲೇ ದಾಖಲಾದ ತಪ್ಪು ಹೆಚ್ಚು ಕಂಡಿದ್ವು, ಆಮೇಲೆ ಗೊತ್ತಾಯ್ತು ಅಲ್ಲಿ ಜನ ಭಯ ಇಲ್ಲದೇ ಹೇಳ್ಕೋತಾರೆ ಅಂತ. ಅದನ್ನ ವಿವರಿಸಿ ಹೇಳಿದೆ, ಅವರು ಪೂರ್ತಿ ಒಪ್ಪಿದ್ರಾ ಅಂದ್ರೆ ಇಲ್ಲ, ಆದ್ರೆ ರಿಪೋರ್ಟ್ ನಿಲ್ಲಿಸಿ ಅಂತ ಹೇಳ್ಲಿಲ್ಲ.

ಡಬಲ್ ಚೆಕ್‌ನ ಸಮಸ್ಯೆ ಮಾತ್ರ ಇನ್ನೂ ಹಾಗೇ ಇದೆ. ಸಂಜೆ ಆ ಹೊತ್ತಿಗೆ ಎರಡನೇ ನರ್ಸ್ ಇಲ್ಲ, ಅದನ್ನ ಯಾವ ಹಾಳೆಯೂ ತುಂಬಿಸಲ್ಲ, ಅದು ಸಿಬ್ಬಂದಿ ಸಂಖ್ಯೆಯ ವಿಷಯ, ಸ್ಟೂಡೆಂಟ್ಸ್ ಕೈಯಲ್ಲಿಲ್ಲ. ಈಗಿನ ಬ್ಯಾಚ್ ಅಡ್ಮಿಶನ್ ಬರೋ ಹೊತ್ತನ್ನೂ ಇನ್ಸುಲಿನ್ ಹೊತ್ತನ್ನೂ ಪಕ್ಕಪಕ್ಕ ಬರ್ಕೊಂಡು ಹೋಗ್ತಿದೆ. ಡ್ಯೂಟಿ ಬದಲಾವಣೆಯನ್ನ ಒಂದು ಗಂಟೆ ಆಚೆ ಈಚೆ ಮಾಡಿದ್ರೆ ಆ ಟ್ರಾಲಿ ಹತ್ರ ಇಬ್ರು ನಿಲ್ಲೋಕಾಗುತ್ತಾ ಅಂತ ಒಬ್ಬ ಸ್ಟೂಡೆಂಟ್ ಕೇಳಿದಾನೆ, ಇನ್‌ಚಾರ್ಜ್ ಸಿಸ್ಟರ್ ಒಂದು ವಾರ, ಒಂದೇ ವಾರ್ಡಲ್ಲಿ ಮಾಡಿ ನೋಡೋಣ ಅಂದಿದಾರೆ. ಊಹೆ ಬರೆದಿಟ್ಟಿದೀವಿ, ಸೋಮವಾರದಿಂದ ಎಣಿಕೆ ಶುರು.